ಒಂದು ಗೇಣು ಮೇಲಕ್ಕೆ

೨೨೧೪, ಫೆಬ್ರವರಿ ೩೦

ತಿಪಟೂರಿನಲ್ಲಿ ಮದುವೆ ವಿಡಿಯೋ ತೆಗೆಯುವ ಪರಶಿವಮೂರ್ತಿಯವರಿಗೆ ಅಂಬುಜೆಯ ಶರಣು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಮದುವೆ ವಿಡಿಯೋ ಕೇಳಿ ಕೇಳಿಯೇ ಕಲಿತವಳು ನಾನು. ಮಾತು ಎಡವಟ್ಟಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಮದುವೆಗಳಲ್ಲಿ ಮೊದಲ ಸಾಲು ಸತ್ತವರದು. ನೆರಳುಪಂಕ್ತಿ ಎನ್ನುತ್ತೇವೆ. ಹಿರಿಯರನ್ನು ಅವರವರ ಮದುವೆ ವಿಡಿಯೋದಿಂದ ಆಳೆತ್ತರಕ್ಕೆ ಎಬ್ಬಿಸಿ, ಕೂರಿಸಿ, ಎಲೆ ಹಾಕಿ, ಒಬ್ಬಟ್ಟು ಬಡಿಸಿ, ಕೈಮುಗಿದ ಮೇಲೆಯೇ ತಾಳಿ. ವಿಡಿಯೋದಲ್ಲಿ ಏನು ಮಾಡಿದ್ದರೋ ಅದನ್ನೇ ಇಲ್ಲೂ ಮಾಡುತ್ತಾರೆ. ಪಾಪ, ಬೇರೆ ಏನೂ ಅವರಿಗೆ ಬರುವುದಿಲ್ಲ. ನನ್ನ ಗಂಡನ ಕಡೆಯ ಅಜ್ಜನೊಬ್ಬ ಇಡೀ ಹೊತ್ತು ಪೇಟ ಸರಿಮಾಡಿಕೊಳ್ಳುತ್ತಾನೆ. ಎರಡು ತಲೆಮಾರು ಕರೆಯದಿದ್ದರೆ ಆ ನೆರಳು ಮಾಸಿಹೋಗುತ್ತದೆ, ಮತ್ತೆ ಎಬ್ಬಿಸಲಾಗದು.

ನಮ್ಮ ಪಾಲಿಗೆ ಉಳಿದವಳು ದಾಕ್ಷಾಯಿಣಿ ಅಜ್ಜಿ, ಏಳು ತಲೆಮಾರಿನ ಹಿಂದಿನ ತಾಯಿ. ನೀವು ತೆಗೆದ ಅವಳ ಮದುವೆಯಲ್ಲಿ ಗಂಡನ ಮನೆಗೆ ಹೊರಡುವ ಹೊತ್ತಿನ ಅಳು ಮಾತ್ರ ಉಳಿದಿದೆ, ಬೇರೆಲ್ಲ ಹಾಳಾಗಿದೆ. ಅವಳು ಕಣ್ಣೊರೆಸಿಕೊಳ್ಳುತ್ತಾಳೆ. ಅಷ್ಟರಲ್ಲಿ ಎಲ್ಲಿಂದಲೋ ನಿಮ್ಮ ದನಿ: "ಫೋಕಸ್ ಹೋಯ್ತು ಕಣಮ್ಮ, ಅಪ್ಪನ್ನ ಇನ್ನೊಂದೇ ಒಂದ್ಸಲ ತಬ್ಕೊಂಡು ಅಳು." ಅಪ್ಪ ಇಲ್ಲಿ ಎಲ್ಲಿದ್ದಾನೆ? ಖಾಲಿ ಗಾಳಿಯನ್ನು ತಬ್ಬಿಕೊಂಡು ಅವಳು ಮತ್ತೆ ಅಳುತ್ತಾಳೆ. ಹೀಗೆ ಮೂರು ಸಲ. ಚಿಕ್ಕಮ್ಮನ ಮದುವೆಯಲ್ಲಿ ಅದನ್ನು ನೋಡಿದ ನನಗೆ ಮೂರು ದಿನ ಜ್ವರ ಬಂದಿತ್ತು. ಆ ಹೆದರಿಕೆಗೇ ನನ್ನ ಮದುವೆಗೆ ಅವಳನ್ನು ಕರೆಯಲಿಲ್ಲ.

ಬರುವ ಭಾನುವಾರ ಮಗಳು ಹಂಸೆಯ ಮದುವೆ. "ಅಳೋ ಅಜ್ಜಿ ಬ್ಯಾಡಮ್ಮ, ನನ್ ಮದ್ವೆ ಅವ್ರಿಗೆ ಇಷ್ಟ ಇಲ್ವೇನೋ ಅನ್ಸುತ್ತೆ" ಎಂದು ಹಟ ಹಿಡಿದಿದ್ದಾಳೆ. ಅವಳೂ ಕರೆಯದಿದ್ದರೆ ಅಜ್ಜಿ ಇಲ್ಲವಾದಂತೆಯೇ.

ಸುಳ್ಳೇಕೆ, ನಿಮ್ಮನ್ನು ಬಾಯಿಗೆ ಬಂದಂತೆ ಬೈದೆ. ಬೈಯುತ್ತಲೇ ನಿನ್ನೆ ಆ ವಿಡಿಯೋವನ್ನು ಕೊನೆಯವರೆಗೆ ನೋಡಿದೆ. ನಮ್ಮಲ್ಲಿ ಯಾರೂ ಅಷ್ಟು ದೂರ ನೋಡಿರಲಿಲ್ಲ. ಮೂರನೆಯ ಅಳು ಮುಗಿದ ಮೇಲೆ ನೀವು "ಸಾಕಮ್ಮ, ಸೂಪರ್" ಎಂದು ಕ್ಯಾಮೆರಾವನ್ನು ಕುರ್ಚಿಯ ಮೇಲಿಟ್ಟಿದ್ದೀರಿ. ಆಫ್ ಮಾಡಲು ಮರೆತಿದ್ದೀರಿ! ಕಾಣುವುದು ಸೀರೆಯ ಅಂಚು, ಕಾಲುಂಗುರ, ಅಷ್ಟೇ. ಆದರೆ ದನಿ ಇದೆ. "ಅಣ್ಣಾ, ಬೆಳಗ್ಗಿಂದ ನಿಂತೇ ಇದೀರಲ್ಲ, ಊಟ ಮಾಡಿದ್ರಾ?" ಎನ್ನುತ್ತಾಳೆ. "ನಮ್ದೇನಮ್ಮ, ಯಾವಾಗ್ಲೂ ಕೊನೇ ಪಂಕ್ತಿ" ಎನ್ನುತ್ತೀರಿ ನೀವು. ಅವಳು ನಗುತ್ತಾಳೆ. ಅಯ್ಯೋ ಶಿವನೇ, ಥೇಟ್ ನಮ್ಮ ಹಂಸೆಯ ನಗು! ಆಮೇಲೆ ನಿಮ್ಮ ಕೈ ಬಂದು ಎಲ್ಲ ಕಪ್ಪಾಗುತ್ತದೆ. ಮುಖ ಕಾಣದ ನಗುವಿನಿಂದ ನೆರಳನ್ನು ಎಬ್ಬಿಸಲಾಗುವುದಿಲ್ಲ.

ನಮ್ಮಲ್ಲಿ ಹಿಂದಂಚೆ ಎಂಬುದಿದೆ, ಕಳೆದ ಕಾಲಕ್ಕೆ ಕಾಗದ ಒಯ್ಯುತ್ತದೆ. ನೂರಕ್ಕೊಂದು ಮುಟ್ಟಿದರೆ ಹೆಚ್ಚು. ಇದು ಆ ಮದುವೆಯ ಬೆಳಿಗ್ಗೆ ನಿಮ್ಮ ಕೈ ಸೇರಲಿ. ಮೂರು ಸಲವಲ್ಲ, ಬೇಕಾದರೆ ಆರು ಸಲ ಅಳು ತೆಗೆಯಿರಿ, ನಿಮ್ಮ ಕಸುಬು ಅದು. ಆದರೆ ಕ್ಯಾಮೆರಾವನ್ನು ಕುರ್ಚಿಯ ಮೇಲಿಡುವಾಗ ಅದರ ಮೂತಿ ಒಂದು ಗೇಣು ಮೇಲಕ್ಕಿರಲಿ. ಆಫ್ ಮಾಡುವುದನ್ನು ದಯವಿಟ್ಟು ಮರೆಯಿರಿ. ಆಗ ಆ ನಗುವಿಗೊಂದು ಮುಖ ಸಿಗುತ್ತದೆ, ಅದರಿಂದಲೇ ಅವಳನ್ನು ಎಬ್ಬಿಸಬಹುದು.

ಹಂಸೆಯ ಕೈಕಾಲು ಹಿಡಿದು ಒಪ್ಪಿಸಿದ್ದೇನೆ: ಅಜ್ಜಿಯನ್ನು ಒಂದು ಗಳಿಗೆ ಎಬ್ಬಿಸುವುದು, ನಕ್ಕರೆ ಇರಲಿ, ಅತ್ತರೆ ಕಳಿಸಿಬಿಡುವುದು. ಭಾನುವಾರ ಅಜ್ಜಿಯ ಎಲೆಯ ಮುಂದೆ ನಾನು ಕಾದು ಕೂತಿರುತ್ತೇನೆ. ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿಸುತ್ತೇನೆ. ಅಲ್ಲಿ ಯಾರೂ ಕಾಣುವುದಿಲ್ಲ, ನಿಮ್ಮದೊಂದು ಮುಖ ಎಲ್ಲಿಯೂ ಉಳಿದಿಲ್ಲವಲ್ಲ. ಆದರೂ ಬನ್ನಿ ಅಣ್ಣಾ, ಈ ಸಲವಾದರೂ ಮೊದಲ ಪಂಕ್ತಿಯಲ್ಲಿ ಉಣ್ಣಿ.