ಅಂಗಿಯ ತೋಳಿನ ಮೀನಿನ ವಾಸನೆ

ಜಯಶ್ರೀ,

ಮೊದಲ ಬಸ್ಸಿಗೆ ಹೊನ್ನಾವರಕ್ಕೆ ಹೊರಟಿದ್ದೇನೆ. ಮೊಬೈಲು ಅಕ್ಕಿ ಡಬ್ಬಿಯ ಮೇಲಿದೆ, ಬೇಕೆಂದೇ ಬಿಟ್ಟಿದ್ದೇನೆ.

ಬಕೆಟಿನಲ್ಲಿರುವ ಬಿಳಿ ಅಂಗಿಯನ್ನು ನೀನು ತೊಳೆಯಬೇಡ, ನಾನೇ ಬಂದು ತೊಳೆಯುತ್ತೇನೆ. ತೋಳಿಗೆ ಮೀನಿನ ವಾಸನೆ ಹೇಗೆ ಬಂತೆಂದು ನೀನು ಕೇಳಿದಾಗ ಪೇಟೆಯಲ್ಲಿ ಯಾರದೋ ಬುಟ್ಟಿ ತಾಗಿತು ಎಂದೆನಲ್ಲ, ಅದು ಸುಳ್ಳು.

ನಿನ್ನೆ ಮಗಳ ಫೋನ್ ಬಂದಾಗ ಮನೆಯೊಳಗೆ ರೇಂಜ್ ಸಿಗಲಿಲ್ಲ. ಹಲೋ ಹಲೋ ಎನ್ನುತ್ತ, ರೇಂಜ್ ಹುಡುಕುತ್ತ ಹೆದ್ದಾರಿಯ ನಡುವಿಗೇ ಹೋಗಿಬಿಟ್ಟೆ. ಮೀನು ಮಾರುವ ಸುಬ್ಬಿ ತಲೆಯ ಮೇಲಿನ ಬುಟ್ಟಿ ಬಿಸಾಡಿ ಓಡಿಬಂದು ನನ್ನ ತೋಳು ಹಿಡಿದು ಎಳೆದಳು. ನಾನು ಬರುತ್ತಿದ್ದ ಲಾರಿ ನೋಡಲಿಲ್ಲ, ಅಂಗಿ ನೋಡಿಕೊಂಡೆ. "ಮೀನಿನ ಕೈಲಿ ಮುಟ್ತಿಯಲ್ಲೇ, ಬುದ್ಧಿ ಇಲ್ವಾ ನಿಂಗೆ?" ಎಂದು ಎಲ್ಲರೆದುರು ಗದರಿದೆ. ಅಷ್ಟರಲ್ಲಿ ಲಾರಿ ಅವಳ ಬುಟ್ಟಿಯ ಮೇಲೆ ಹಾದುಹೋಯಿತು.

"ಮಾಸ್ತರೇ, ಎರಡೂ ಬದಿ ನೋಡಿ ದಾಟ್ಬೇಕು ಅಂತ ಶಾಲಿಲಿ ನೀವೇ ಕಲ್ಸಿದ್ದಲ್ದಾ? ನಿಮ್ಗೆ ಎಂತದೂ ಆಗ್ಲಿಲ್ಲಲಾ?" ಎಂದಳು.

ನಾನು ತೋಳು ಒರೆಸಿಕೊಳ್ಳುತ್ತ ಮನೆಗೆ ಬಂದೆ. ರಸ್ತೆಯಲ್ಲಿ ಚೆಲ್ಲಿದ ಒಂದು ಬಂಗುಡೆ ಮೀನನ್ನೂ ಹೆಕ್ಕಿಕೊಡಲಿಲ್ಲ.

ಅದೇ ಅಳತೆಯ ಬುಟ್ಟಿ ತರಲು ಹೋಗುತ್ತಿದ್ದೇನೆ. ಸುಬ್ಬಿ ಬಂದರೆ ಜಗುಲಿಯಲ್ಲಿ ಕೂರಿಸಿ ಚಾ ಕೊಡು, ನಾನು ಬರುವ ತನಕ ಕಳಿಸಬೇಡ. ಅವಳ ಮುಖ ನೋಡಿ ಹೇಳಬೇಕಾದ್ದಿದೆ.

ಇನ್ನು ಮೇಲೆ ನಾನು ಫೋನ್ ಕಿವಿಗಿಟ್ಟುಕೊಂಡು ಗೇಟು ದಾಟಿದರೆ ಅಂಗಿ ಹಿಡಿದು ಎಳೆ. ಎಷ್ಟು ಗದರಿದರೂ ಬಿಡಬೇಡ. ನಿನ್ನೆ ನಾನು ಗದರುತ್ತಿದ್ದಾಗಲೂ ಲಾರಿ ಹೋಗುವ ತನಕ ಸುಬ್ಬಿ ಕೈ ಬಿಟ್ಟಿರಲಿಲ್ಲ.