ನಿಂತವನ ಹೊಟ್ಟೆಗೆ ಮಲಗಿದವನ ಸರ್ಟಿಫಿಕೇಟು

ವೈದ್ಯಕೀಯ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನಾನು ಸಂಪೂರ್ಣ ಆರೋಗ್ಯವಂತನೆಂದು ತಾವು ಎರಡು ತಿಂಗಳ ಹಿಂದೆ ಮೊಹರು ಒತ್ತಿ ಘೋಷಿಸಿದ್ದೀರಿ. ನನ್ನ ದೂರು ಅದರ ಮೇಲೆಯೇ. ತಮ್ಮ ಮುಂದೆ ಬಂದು ನಿಲ್ಲುವವರೆಲ್ಲ 'ನಮಗೇನೂ ಆಗಿಲ್ಲ' ಎಂದು ಗೋಗರೆಯುತ್ತಾರಂತೆ. ನಾನೊಬ್ಬ ತಿಕ್ಕಲ ಮಾತ್ರ 'ನನಗೆ ಪೆಟ್ಟಾಗಿದೆ, ದಯವಿಟ್ಟು ನಂಬಿ' ಎಂದು ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ. ಯಾಕೆಂದರೆ ನಾನು ಅಗ್ನಿಶಾಮಕ ದಳದಲ್ಲಿ ಏಣಿಯ ಕೆಲಸದವನು. ಹೊಗೆ ತುಂಬಿದ ಕಿಟಕಿಯಿಂದ ಜನರನ್ನು ಹೆಗಲಿಗೆ ಹಾಕಿಕೊಂಡು ಕೆಳಗಿಳಿಸುವವನು. ನನ್ನ ಹೊಟ್ಟೆ ಕೈಕೊಟ್ಟರೆ ಬೀಳುವುದು ನಾನೊಬ್ಬನೇ ಅಲ್ಲ ಸ್ವಾಮಿ.

ಎಂಟು ತಿಂಗಳ ಹಿಂದೆ ನಮ್ಮ ವಾರ್ಷಿಕ ದೈಹಿಕ ಪರೀಕ್ಷೆ ನಡೆಯಿತು. ಠಾಣೆಯ ಹಿಂದಿನ ಶೆಡ್ಡಿನಲ್ಲಿ, ಎರಡೂ ತುದಿಗೆ ಕಬ್ಬಿಣದ ಬಿಲ್ಲೆ ಸಿಕ್ಕಿಸಿದ ನೂರಹತ್ತು ಕಿಲೋದ ಸರಳನ್ನು ನೆಲದಿಂದ ಎತ್ತಿ ನೆಟ್ಟಗೆ ನಿಲ್ಲಬೇಕು, ಐದು ಸಲ. ಹದಿನಾಲ್ಕು ವರ್ಷದಿಂದ ಎತ್ತುತ್ತಿದ್ದೇನೆ. ಈ ಸಲ ನಾಲ್ಕನೆಯದಕ್ಕೆ ಹೊಕ್ಕುಳಿನ ಬಲಕ್ಕೆ, ತುಸು ಕೆಳಗೆ, ಹಳೇ ಬಟ್ಟೆ ಹರಿದ ಹಾಗೆ ಪರ್ರೆಂದಿತು. ಅಲ್ಲಿಗೆ ಬಿಡಬೇಕಿತ್ತು. ಆದರೆ ಪಕ್ಕದಲ್ಲಿ ನಮ್ಮ 'ಗಂಟೆ' ನಿಂತಿದ್ದ. ಅವನು ನನ್ನ ಜೊತೆಯವನು, ಗಂಟಲಿನ ದೆಸೆಯಿಂದ ಆ ಹೆಸರು ಬಂದಿದೆ. "ಏನಣ್ಣಾ, ವಯಸ್ಸಾಯ್ತಾ?" ಎಂದು ಕಿಚಾಯಿಸಿದ. ಮಾನ ಹೋದೀತೆಂದು ಐದನೆಯದನ್ನೂ ಎತ್ತಿಬಿಟ್ಟೆ. ಆ ಐದನೆಯದು ನನ್ನ ಸ್ವಂತ ಮೂರ್ಖತನ, ಅದನ್ನು ತಮ್ಮ ತಲೆಗೆ ಕಟ್ಟುವುದಿಲ್ಲ. ಮುಂದಿನದನ್ನೆಲ್ಲ ಕಟ್ಟುತ್ತೇನೆ.

ಅಂದಿನಿಂದ ನಿಂತರೆ ನೋವು, ಭಾರ ಎತ್ತಿದರೆ ನೋವು, ಸೀನಿದರೆ ಕಣ್ಣಲ್ಲಿ ನೀರು. ಮಗಳು ಸ್ಕೂಲಿನ ಜೋಕು ಹೇಳಲು ಬಂದರೆ ಹೆಂಡತಿ "ಅಪ್ಪನ ಹತ್ರ ಬೇಡ ಕಣೇ, ಅವ್ರು ನಗೋ ಹಾಗಿಲ್ಲ" ಎಂದು ತಡೆಯುತ್ತಾಳೆ. ಮಲಗಿದೊಡನೆ ಮಾತ್ರ ಎಲ್ಲವೂ ಮಾಯ. ಮೊದಲ ವೈದ್ಯರು ಗ್ಯಾಸು ಎಂದರು. ಎರಡನೆಯವರು ಸ್ನಾಯು ಹಿಡಿದುಕೊಂಡಿದೆ ಎಂದರು. ಮೂರನೆಯವರು ನನ್ನ ಹೆಂಡತಿಯನ್ನು ಬದಿಗೆ ಕರೆದು "ಮನೇಲಿ ಏನಾದ್ರೂ ಟೆನ್ಷನ್ ಇದೆಯೇನಮ್ಮಾ?" ಎಂದು ಮೆಲ್ಲಗೆ ವಿಚಾರಿಸಿದರು. "ಇದೆ ಡಾಕ್ಟ್ರೇ, ಇವರ ಹೊಟ್ಟೇದೇ ಟೆನ್ಷನ್ನು" ಎಂದಳು ಅವಳು. ಎರಡು ಸ್ಕ್ಯಾನಿಂಗ್ ಆದವು, ಎರಡೂ ಅಂಗಾತ ಮಲಗಿಸಿ. ಎರಡರಲ್ಲೂ 'ಸಹಜ' ಎಂದೇ ಬಂತು. ಆರು ತಿಂಗಳು ನನ್ನನ್ನು ಠಾಣೆಯ ಫೋನಿನ ಮುಂದೆ ಕೂರಿಸಿ, ಆಮೇಲೆ ತಮ್ಮ ಮಂಡಳಿಗೆ ಕಳಿಸಿದರು.

ತಮ್ಮ ಕೊಠಡಿ ನನಗೆ ಚೆನ್ನಾಗಿ ನೆನಪಿದೆ. ಹಸಿರು ಪರದೆ, ಎತ್ತರದ ಮಂಚ, ಮಂಚದ ಮೇಲೆ ಹಿಂದಿನವನ ಬೆವರಿನ ಗುರುತು. ತಾವು ಮೇಜಿನ ಹಿಂದೆ ಕೂತಿದ್ದಿರಿ. ತಮ್ಮ ಸದಸ್ಯರೊಬ್ಬರು ನನ್ನ ಹೊಟ್ಟೆಯನ್ನು ಎರಡು ಬೆರಳಿನಲ್ಲಿ ಒತ್ತಿದರು.

"ಎಲ್ಲಿ ನೋವು?"

"ಈಗಿಲ್ಲ ಸಾರ್. ನಿಂತ್ರೆ ಬರುತ್ತೆ."

"ನೋವಿಲ್ಲ ಅಂತೆ, ಬರ್ಕೊಳ್ಳಿ."

"ನಿಂತು ತೋರಿಸ್ಲಾ ಸಾರ್? ಒಂದೇ ನಿಮಿಷ."

ಆಗ ತಾವು ತಲೆಯೆತ್ತಿದಿರಿ. "ಫಾರಂನಲ್ಲಿ 'ಮಲಗಿಸಿ ಪರೀಕ್ಷಿಸಲಾಯಿತು' ಅಂತ ಪ್ರಿಂಟಾಗಿದೆ ಕಣ್ರೀ. ನಿಲ್ಲಿಸಿ ನೋಡೋದಕ್ಕೆ ಫಾರಂ ಇಲ್ಲ" ಎಂದಿರಿ.

ಆಹಾ! ಮಾತೆಂದರೆ ಇದು. ಮನುಷ್ಯನಿಗೆ ತಕ್ಕ ಫಾರಂ ಇಲ್ಲದಿದ್ದರೆ ಫಾರಮ್ಮಿಗೆ ತಕ್ಕ ಹಾಗೆ ಮನುಷ್ಯನನ್ನು ಮಲಗಿಸಿದರಾಯಿತು. ಅಧ್ಯಕ್ಷರೇ, ನಾನು ಮಲಗಿಕೊಂಡು ಬೆಂಕಿ ಆರಿಸುವುದಿಲ್ಲ. ಅಂಗಾತ ಮಲಗಿ ಏಣಿ ಹತ್ತುವ ವಿದ್ಯೆ ನಮ್ಮ ತರಬೇತಿಯಲ್ಲಿಲ್ಲ. ನನ್ನ ಕೆಲಸವೆಲ್ಲ ನಿಂತು ಮಾಡುವುದು, ಅದೂ ಹೆಗಲ ಮೇಲೆ ಇನ್ನೊಂದು ಜೀವ ಇಟ್ಟುಕೊಂಡು. ಇಷ್ಟನ್ನು ತಿಳಿಯಲು ವೈದ್ಯಕೀಯ ಪದವಿಯೇ ಬೇಕೆ?

ತಮ್ಮ ಕೃಪೆಯಿಂದ ಏಣಿಗೆ ಮರಳಿದೆ. ಎರಡು ವಾರಕ್ಕೆ ಕರೆ ಬಂತು. ಮೂರು ಮಹಡಿಯ ಮನೆಯ ಮೇಲಿನ ಕೋಣೆಯಲ್ಲಿ ಹೊಗೆ, ಕಿಟಕಿಯಲ್ಲಿ ಒಬ್ಬ ನಿವೃತ್ತ ಶಿಕ್ಷಕಿ. ಅವರನ್ನು ಹೆಗಲಿಗೆ ಹಾಕಿಕೊಂಡು ಆರು ಮೆಟ್ಟಿಲು ಇಳಿದಿದ್ದೆ. ಏಳನೆಯದಕ್ಕೆ ಕಾಲಿಡುವಾಗ ಹೊಟ್ಟೆಯೊಳಗೆ ಯಾರೋ ಮುಷ್ಟಿ ಹಿಡಿದು ತಿರುಚಿದಂತಾಯಿತು. ಬಲಗಾಲು ಸತ್ತುಹೋಯಿತು. ಆ ತಾಯಿ ನನ್ನ ಹೆಗಲಿನಿಂದ ಗೇಣುದ್ದ ಜಾರಿದರು. ಏಣಿಯಲ್ಲೇ ನನ್ನ ಕೆಳಗಿದ್ದ ಗಂಟೆ ನಾಲ್ಕು ಮೆಟ್ಟಿಲು ಓಡಿ ಹತ್ತಿ ಅವರನ್ನು ತಲೆಯಿಂದ ತಳ್ಳಿ ಹಿಡಿಯದಿದ್ದರೆ, ನಾನು ಈ ಪತ್ರವನ್ನು ತಮಗಲ್ಲ, ಅವರ ಮಕ್ಕಳಿಗೆ ಬರೆಯಬೇಕಾಗುತ್ತಿತ್ತು. ಕೆಳಗೆ ಬಂದ ಮೇಲೆ ಅವರು ನನ್ನ ಕೈ ಹಿಡಿದು "ನೂರು ವರ್ಷ ಬಾಳಪ್ಪಾ" ಎಂದರು. ನನಗೆ ನಾಚಿಕೆಯಿಂದ ಸಾಯುವಂತಾಯಿತು.

ಆ ವಾರವೇ, ಬೆಲ್ಟು ಒತ್ತುತ್ತದೆಂದು ಪ್ಯಾಂಟಿನ ಸೊಂಟ ಸಡಿಲ ಮಾಡಿಸಲು ಅಕ್ಕನ ಹತ್ತಿರ ಹೋದೆ. ಅಕ್ಕ ಮೂವತ್ತು ವರ್ಷದಿಂದ ಟೈಲರ್. ಟೇಪು ಸುತ್ತಿ ಹಿಡಿದಿದ್ದಳು, ನನಗೆ ಕೆಮ್ಮು ಬಂತು. ಎಂದಿನಂತೆ ಅಂಗೈಯಿಂದ ಹೊಟ್ಟೆ ಒತ್ತಿಕೊಳ್ಳಲು ಹೋದರೆ ಕೈ ಸರಿಸಿದಳು.

"ತಾಳೋ, ಟೇಪು ಜಾರ್ತು. ಇನ್ನೊಂದ್ಸಲ ಕೆಮ್ಮು." ಕೆಮ್ಮಿದೆ. "ಅಯ್ಯೋ, ಇಲ್ಲೊಂದು ಗಂಟು ಎದ್ದು ಬರ್ತಿದೆಯಲ್ಲೋ! ನಿಂಬೆಹಣ್ಣಿನಷ್ಟಿದೆ. ಎಲ್ಲಿ, ಮಲಗು. ಈಗಿಲ್ಲ. ಏಳು, ಕೆಮ್ಮು. ಬಂತು ನೋಡು! ನಿನ್ನ ಡಾಕ್ಟ್ರುಗಳು ಏನು ನೋಡಿದ್ರು?"

"ಮಲಗಿಸಿ ನೋಡಿದ್ರು ಅಕ್ಕಾ."

"ಮಲಗಿಸಿ ಅಳತೆ ತಗೊಂಡ್ರೆ ಯಾವ ಪ್ಯಾಂಟು ಸರಿಹೋಗುತ್ತೋ?"

ಆರೂವರೆ ತಿಂಗಳು ನನ್ನ ಕೈಯೇ ಮುಚ್ಚಿಟ್ಟಿದ್ದನ್ನು, ಎರಡು ಯಂತ್ರ ಮತ್ತು ಒಂದು ಮಂಡಳಿ ಕಾಣದ್ದನ್ನು ಒಂದು ಟೇಪು ಕಂಡುಹಿಡಿಯಿತು. ಹೊರಗಿನ ವೈದ್ಯರ ಚೀಟಿಯನ್ನು ಮಂಡಳಿ ಒಪ್ಪುವುದಿಲ್ಲವೆಂಬ ನಿಯಮವಿರುವುದರಿಂದ, ಅಕ್ಕ ಕಂಡದ್ದನ್ನೇ ಬರೆದು, ನಿಲ್ಲಿಸಿ ಮರುಪರೀಕ್ಷೆ ಮಾಡಬೇಕೆಂದು ತಮ್ಮಲ್ಲಿ ಅರ್ಜಿ ಹಾಕಿದೆ. ಒಂದೇ ಸಾಲಿನ ಉತ್ತರ ಬಂತು: "ದರ್ಜಿಯ ಹೇಳಿಕೆಯು ವೈದ್ಯಕೀಯ ದಾಖಲೆಯಲ್ಲ, ಮರುಪರೀಕ್ಷೆ ಅನಗತ್ಯ." ನಾನು ಏಣಿ ಹತ್ತುವುದಿಲ್ಲವೆಂದೆ. ತಮ್ಮ ಸರ್ಟಿಫಿಕೇಟು ಇರುವಾಗ ಅದು ಕರ್ತವ್ಯ ನಿರಾಕರಣೆಯಾಗುತ್ತದೆಂದು ಠಾಣಾಧಿಕಾರಿಗಳು ನೋಟಿಸು ಕೊಟ್ಟರು. ಸೋಮವಾರ ಹತ್ತಬೇಕು, ಇಲ್ಲವೇ ಮನೆಗೆ ಹೋಗಬೇಕು. ಮನೆಗೆ ಹೋಗಲು ನನಗೆ ಹೆದರಿಕೆಯಿದೆ, ಸುಳ್ಳು ಹೇಳುವುದಿಲ್ಲ. ಆದರೆ ಆ ಶಿಕ್ಷಕಿ ಜಾರಿದ ಒಂದು ಗೇಣು ನೆನೆದರೆ ಅದಕ್ಕಿಂತ ಹೆಚ್ಚು ಹೆದರಿಕೆಯಾಗುತ್ತದೆ.

ಆದ್ದರಿಂದ ಕೇಳುವುದಲ್ಲ, ಹೇಳುತ್ತಿದ್ದೇನೆ: ಸೋಮವಾರದೊಳಗೆ ನನ್ನನ್ನು ನಿಲ್ಲಿಸಿ, ಕೆಮ್ಮಿಸಿ, ಕೈಗೆ ಭಾರ ಕೊಟ್ಟು ಪರೀಕ್ಷಿಸಿ. ಫಾರಂ ಇಲ್ಲದಿದ್ದರೆ ಬಿಳಿ ಹಾಳೆಯಲ್ಲಿ ಬರೆಯಿರಿ. ಅದೂ ಆಗದೆಂದರೆ, ಸೋಮವಾರ ಬೆಳಿಗ್ಗೆ ಏಳಕ್ಕೆ ನಮ್ಮ ತರಬೇತಿ ಗೋಪುರಕ್ಕೆ ತಾವೇ ಬನ್ನಿ. ಮೂರನೆಯ ಮಹಡಿಯ ಕಿಟಕಿಯಿಂದ ಮರಳು ತುಂಬಿದ ಬೊಂಬೆಯನ್ನು ಇಳಿಸುವ ಅಭ್ಯಾಸವಿದೆ. ಬೊಂಬೆಯ ಜಾಗಕ್ಕೆ ಮನುಷ್ಯರಾದರೂ ಅಡ್ಡಿಯಿಲ್ಲ. ತಮ್ಮ ಸಹಿಯ ಮೇಲೆ ತಮಗೆ ನಂಬಿಕೆಯಿದ್ದರೆ ಹೆದರಲು ಏನಿದೆ? ಕಿಟಕಿಯಿಂದ ಕಾಲು ಹೊರಗಿಟ್ಟು ನನ್ನ ಹೆಗಲ ಮೇಲೆ ಆರಾಮಾಗಿ ಮಲಗಿ. ಈ ಸಲ ಮಲಗುವವರು ತಾವು, ನಿಲ್ಲುವವನು ನಾನು.

ಇಂತಿ,
ತಮ್ಮ ಮೊಹರಿನ ದಯೆಯಿಂದ ಗಟ್ಟಿಮುಟ್ಟಾಗಿರುವ
ಏಣಿಯ ಕೆಲಸದವನು