ಕರೆಂಟು ಹೋದರೂ ಕೂಗುವ ಗಂಟೆ

ಗುರುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ಅಕ್ಷರ ಸೊಟ್ಟಗಿದೆ, ತಪ್ಪೂ ಇರುತ್ತದೆ, ಬೇಜಾರು ಮಾಡಿಕೊಳ್ಳದೆ ಓದು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳ ಕೈ ಇದಕ್ಕಿಂತ ನೆಟ್ಟಗೆ ಓಡುವುದಿಲ್ಲ. ಫೋನಿನಲ್ಲೇ ಹೇಳೋಣವೆಂದು ಎರಡು ಸಲ ಮಾಡಿದೆ. ನೀನು ಹಲೋ ಅಂದ ಕೂಡಲೇ ಇಟ್ಟುಬಿಟ್ಟೆ.

ಭಾವನನ್ನು ಲಿಫ್ಟ್ ರಿಪೇರಿ ಕೆಲಸದಿಂದ ನಿಲ್ಲಿಸಿ ಒಂಬತ್ತು ದಿನ. ನಾಳೆ ಅವರ ಕಂಪನಿಯಲ್ಲಿ ವಿಚಾರಣೆಯಂತೆ. ತಲೆ ಮೇಲೆ ಗೂಬೆ ಕೂರಿಸಿದರೂ ಬಾಯಿ ಬಿಡಲ್ಲ ಅಂತ ನೀನು ಅವರನ್ನು ಬೈದದ್ದನ್ನು ಅಮ್ಮ ಹೇಳಿದಳು. ಅಕ್ಕ, ತಪ್ಪು ಅವರದ್ದಲ್ಲ. ನನ್ನದು.

ಲಿಫ್ಟಿನೊಳಗೆ ಸಿಕ್ಕಿಕೊಂಡವರು ಗುಂಡಿ ಒತ್ತಿದರೆ ಕೂಗುವ ಗಂಟೆ ನಮ್ಮ ಮೆಟ್ಟಿಲ ಕೆಳಗಿನ ಕೋಣೆಯ ಬಾಗಿಲ ಮೇಲೇ ಇದೆಯಲ್ಲ. ಅಪ್ಪ ವಾಚ್‌ಮನ್, ಅವರಿಗೆ ಕೇಳಬೇಕು ಅಂತ. ಮಕ್ಕಳು ಶಾಲೆಗೆ ಹೋಗುವಾಗ ಬರುವಾಗ ಸುಮ್ಮನೆ ಅದನ್ನು ಒತ್ತಿ ಕುಣಿಯುತ್ತವೆ. ಅವತ್ತು ಅಮ್ಮನಿಗೆ ಅರೆತಲೆನೋವು. ಈ ಹಾಳು ಗಂಟೆಯ ಬಾಯಿ ಮುಚ್ಚಿಸೋರು ಯಾರೂ ಇಲ್ವೇನೇ ಅಂದಳು. ನಾನು ಸ್ಟೂಲು ಹತ್ತಿ, ಗಂಟೆಗೂ ಅದನ್ನು ಬಡಿಯುವ ಪುಟ್ಟ ಸುತ್ತಿಗೆಗೂ ನಡುವೆ ಅಪ್ಪನ ಹಳೇ ಕಂದು ಕಾಲುಚೀಲ ತುರುಕಿದೆ. ಸಂಜೆ ತೆಗೆಯೋಣ ಅಂದುಕೊಂಡಿದ್ದೆ. ಅಮ್ಮ ಎಷ್ಟು ಚೆನ್ನಾಗಿ ನಿದ್ದೆ ಮಾಡಿದಳೆಂದರೆ ನಾಲ್ಕು ದಿನ ಹಾಗೇ ಬಿಟ್ಟೆ.

ಐದನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕರೆಂಟು ಹೋಯಿತು. ಅಪ್ಪ ಮೋಟಾರಿನ ಸಾಮಾನು ತರಲು ಹೋಗಿದ್ದರು. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಟಪ್ ಟಪ್ ಅಂತ ಸದ್ದು ಕೇಳುತ್ತಲೇ ಇತ್ತು. ಎರಡನೇ ಮಹಡಿಯಲ್ಲಿ ಬಡಗಿ ಕೆಲಸ ಅಂದುಕೊಂಡೆ. ಕೊನೆಯ ಸೀರೆ ಹಿಂಡುವಾಗ ನೆನಪಾಯಿತು, ಬಡಗಿ ಹಿಂದಿನ ದಿನವೇ ಕೆಲಸ ಮುಗಿಸಿ ಹೋಗಿದ್ದ.

ಒದ್ದೆ ಕಾಲಲ್ಲೇ ಮೆಟ್ಟಿಲು ಹತ್ತಿದೆ. ಎರಡಕ್ಕೂ ಮೂರಕ್ಕೂ ನಡುವೆ ಲಿಫ್ಟು ನಿಂತಿತ್ತು, ಒಳಗೆ ಮೂರನೇ ಮಹಡಿಯ ಟೀಚರಮ್ಮ. ಸಕ್ಕರೆ ಕಾಯಿಲೆಯವರು, ಮಾತ್ರೆ ನುಂಗಿ ತಿಂಡಿ ತಿಂದಿರಲಿಲ್ಲ. ಭಾವನಿಗೆ ಫೋನು ಮಾಡಿದೆ. ಅವರು ಓಡಿ ಬಂದು ಮಹಡಿಯ ಮೇಲಿನ ಯಂತ್ರದ ಕೋಣೆಗೆ ಹೋಗಿ ಕೈಯಿಂದಲೇ ಲಿಫ್ಟನ್ನು ಅಂಗುಲ ಅಂಗುಲ ಇಳಿಸತೊಡಗಿದರು. ನೀನು ಮಾತಾಡಿಸ್ತಾನೇ ಇರು, ನಿದ್ದೆ ಹೋಗೋಕೆ ಬಿಡಬೇಡ ಅಂದಿದ್ದರು. ನಾಲ್ಕು ಜನರ ಮುಂದೆ ನಾಲಿಗೆ ಏಳದ ನನಗೆ ಏನೂ ತೋಚಲಿಲ್ಲ. ಟೀಚರಮ್ಮ, ಏಳರ ಮಗ್ಗಿ ಹೇಳಿ ಅಂದೆ. ಹೇಳಿದರು. ಏಳಾರಲಿ ನಲವತ್ತೆರಡು ಅಂದರು. ಆಮೇಲೆ ದನಿಯಿಲ್ಲ. ನಾನೇ ಮುಂದಿನದ್ದನ್ನು ಕಿರುಚಿ ಹೇಳುತ್ತಾ ಬಾಗಿಲು ಬಡಿಯುತ್ತಿದ್ದೆ.

ಬಾಗಿಲು ತೆರೆದಾಗ, ಟಪ್ ಟಪ್ ಅಂತ ಬಡಿಯುತ್ತಿದ್ದ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಒರಗಿದ್ದರು, ಮೈಯೆಲ್ಲ ಬೆವರು. ಭಾವ ಬಾಯಿಗೆ ಸಕ್ಕರೆ ಹಾಕಿ, ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಎಲ್ಲರೂ ಆಟೋದ ಸುತ್ತ ಇದ್ದಾಗ ನಾನು ಸ್ಟೂಲು ಹತ್ತಿ ಕಾಲುಚೀಲ ಕಿತ್ತು ಒಲೆಗೆ ಹಾಕಿದೆ. ಸಂಜೆ ಕಟ್ಟಡದ ಸಂಘದ ಕಾರ್ಯದರ್ಶಿಗಳು ಗುಂಡಿ ಒತ್ತಿದರೆ ಗಂಟೆ ಚೆನ್ನಾಗಿಯೇ ಕೂಗಿತು. ಒಮ್ಮೆ ಕೂಗುತ್ತೆ, ಒಮ್ಮೆ ಇಲ್ಲ, ಇದೇನಾ ನಿನ್ನ ರಿಪೇರಿ ಅಂತ ಭಾವನ ಮೇಲೆ ಹಾರಾಡಿದರು.

ಬೈಗುಳ ಬೀಳದ ದಿನವೇ ನಮಗೆ ಸನ್ಮಾನ ಅಂತ ಭಾವ ನಗಿಸುತ್ತಿದ್ದರಲ್ಲ, ಅದು ಈಗ ಅರ್ಥವಾಗುತ್ತಿದೆ. ಸ್ವಿಚ್ಚು ಒತ್ತಿದರೆ ದೀಪ, ನಲ್ಲಿ ತಿರುಗಿಸಿದರೆ ನೀರು. ಬಂದಾಗ ಯಾರಿಗೂ ಥ್ಯಾಂಕ್ಸ್ ಹೇಳಿದವಳಲ್ಲ ನಾನು, ಬರದಿದ್ದಾಗ ಮಾತ್ರ ಗೊಣಗಿದವಳು. ಕರೆಂಟು ಹೋದರೂ ಕೂಗಲಿ ಅಂತ ಭಾವ ತಿಂಗಳ ಹಿಂದಷ್ಟೇ ಆ ಗಂಟೆಗೆ ಹೊಸ ಬ್ಯಾಟರಿ ಹಾಕಿದ್ದರು. ಊರೆಲ್ಲ ಕೈಬಿಟ್ಟಾಗ ಕೈ ಹಿಡಿಯಲೆಂದೇ ಇಟ್ಟ ವಸ್ತು ಅದು. ನನಗೆ ಅದರ ಗಲಾಟೆಯಷ್ಟೇ ಕೇಳಿಸಿತ್ತು.

ಟೀಚರಮ್ಮ ಹುಷಾರಾಗಿ ಮನೆಗೆ ಬಂದಿದ್ದಾರೆ, ನಿನ್ನೆ ಅವರಿಗೆ ಕಾಲುಚೀಲದ ವಿಷಯ ಹೇಳಿದೆ. ಒಂದೂವರೆ ಗಂಟೆ ಹೊತ್ತು ಆ ಗುಂಡಿ ಒತ್ತಿದ್ದೀನಿ ಕಣೆ ಅಂದರು, ಬೆರಳು ತೋರಿಸಿದರು. ಕ್ಷಮಿಸಿದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಆಮೇಲೆ ಕಾರ್ಯದರ್ಶಿಗಳಿಗೆ ಹೇಳಿದೆ. ಬರೆದುಕೊಡು ಅಂದರು, ಎರಡು ಪ್ರತಿ ಬರೆದೆ. ಕೋಣೆ ಖಾಲಿ ಮಾಡಿಸಬಹುದು. ಅಪ್ಪ ನಿನ್ನೆಯಿಂದ ನನ್ನ ಮುಖ ನೋಡಿಲ್ಲ.

ನಿನ್ನ ತಂಗಿ,
ಗುಮ್ಮಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ನಾಚಿಕೆ. ಭಾವನಿಗೆ ಅವತ್ತೇ ಗೊತ್ತಾಗಿತ್ತು. ಗಂಟೆ ಬಿಚ್ಚಿ ನೋಡಿದಾಗ ಸುತ್ತಿಗೆಗೆ ಒಂದು ಕಂದು ದಾರ ಸಿಕ್ಕಿಕೊಂಡಿತ್ತು. ನನ್ನ ಕಡೆ ಒಮ್ಮೆ ನೋಡಿ ಅದನ್ನು ಜೇಬಿಗೆ ಹಾಕಿಕೊಂಡರು. ವೈರು ಸಡಿಲ ಇದ್ದಿರಬೇಕು ಸಾರ್ ಅಂದರು. ನಮ್ಮ ಕೋಣೆ ಉಳಿಯಲಿ ಅಂತ ಸುಮ್ಮನಿದ್ದಾರೆ, ಬಾಯಿಲ್ಲದೆ ಅಲ್ಲ. ಅವರ ಜೊತೆ ಮಾತು ಬಿಡಬೇಡ ಅಕ್ಕ. ಇವತ್ತು ಬೆಳಿಗ್ಗೆ ಎರಡನೇ ಪ್ರತಿಯನ್ನು ಅವರ ಕಂಪನಿಯ ಕಿಟಕಿಯಲ್ಲಿ ಕೊಟ್ಟು, ಮುದ್ರೆ ಒತ್ತುವ ತನಕ ನಿಂತಿದ್ದು ಬಂದೆ.